ಗಾಜು ಏರಿಸಿ ಹೇಳಿದ ಗುಟ್ಟು

ಕಾರಿನ ನಾಲ್ಕೂ ಗಾಜು ಏರಿಸಿದ ಮೇಲೆಯೇ ಕ್ಲೆಮ್ ತಾತ ಬಾಯಿ ಬಿಟ್ಟಿದ್ದು. ಸುತ್ತ ನೂರಾರು ಮೈಲಿ ಕಿಂಬರ್ಲಿ ಸೀಮೆಯ ಕೆಂಪು ನೆಲ, ಹೊಟ್ಟೆ ಊದಿದ ಬೋಆಬ್ ಮರಗಳು, ನೊಣ. ಕದ್ದು ಕೇಳುವವರು ಯಾರಿದ್ದರೋ, ಆ ನೊಣಗಳನ್ನೇ ಕೇಳಬೇಕು.

“ಮೊದ್ಲು ಆಣೆ ಮಾಡಿ,” ಎಂದ. “ಈ ಜಾಗ ಯಾರಿಗಾದ್ರೂ ಹೇಳಿದ್ರೆ ನನ್ನ ಟೀಗೆ ನೊಣ ಬೀಳ್ಲಿ, ನಾಲ್ಕೂ ಟೈರ್ ಸಿಡೀಲಿ, ಚಡ್ಡಿಯೊಳಗೆ ಇರುವೆ ಹೋಗ್ಲಿ. ಹೂಂ, ಹೇಳಿ.”

ಒಂಬತ್ತು ವರ್ಷದ ಮೊಮ್ಮಗಳು ಬ್ರೈಡಿ ಖುಷಿಯಿಂದ ಹೇಳಿದಳು. ಸ್ಟೀರಿಂಗ್ ಹಿಡಿದಿದ್ದ ಅವಳಪ್ಪ ಗ್ರಾಂಟ್ ಗೊಣಗುತ್ತ ಹೇಳಿದ. ಮುಂದಿನ ಸೀಟಿನಲ್ಲಿದ್ದ ಸೊಸೆ ಲಿಯೋನಿ ಊರಲ್ಲಿ ಶಾಲೆಯ ಮೇಡಂ. ಅವಳು ಚಡ್ಡಿಯ ಭಾಗವನ್ನು ಮೆಲ್ಲಗೆ ನುಂಗಿಕೊಂಡು ಹೇಳಿದಳು.

“ಚಡ್ಡಿ ಕೇಳಿಸ್ಲಿಲ್ಲ,” ಎಂದ ತಾತ.

“ಚಡ್ಡಿಯೊಳಗೆ ಇರುವೆ ಹೋಗ್ಲಿ! ಸಾಕಾ ಮಾವ?”

ಇದೆಲ್ಲ ಒಂದು ಬುಗ್ಗೆಗಾಗಿ. ಕ್ಲೆಮ್ ಹರೆಯದಲ್ಲಿ ಈ ಕಡೆಯ ದನದ ಫಾರಂಗಳಲ್ಲಿ ಗಾಳಿಯಂತ್ರ ರಿಪೇರಿ ಮಾಡುತ್ತಿದ್ದ. ಆಗ ಕಂಡ ಕಮರಿಯೊಂದರ ಒಳಗಿನ ಬುಗ್ಗೆಯ ವಿಷಯವನ್ನು ಐವತ್ತೊಂದು ವರ್ಷ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಆ ನೆಲದ ಮೂಲ ಜನಕ್ಕೆ ಅದು ಅಜ್ಜನ ಅಜ್ಜಂದಿರ ಕಾಲದಿಂದಲೂ ಗೊತ್ತು, ಕ್ಲೆಮ್‌ಗೆ ತೋರಿಸಿದವರೂ ಅವರೇ, ಈಗ ಆ ಹಾದಿಯಲ್ಲಿ ಹೋಗುವವರಿಗೆಲ್ಲ ಒಪ್ಪಿಗೆಯ ಚೀಟಿ ಕೊಡುವವರೂ ಅವರೇ. ಆದರೂ ತಾತನ ಮಟ್ಟಿಗೆ ಅದು ಗುಟ್ಟು. ಹೆಂಡತಿ ನೊರೀನ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಇನ್ನೊಮ್ಮೆ ಆ ನೀರಿನಲ್ಲಿ ಕಾಲಿಟ್ಟು ಕೂರಬೇಕು, ಮನೆಯವರ ಹೊರತು ಒಂದು ನರಪಿಳ್ಳೆಯೂ ಅಲ್ಲಿರಬಾರದು. ಇಷ್ಟೇ ಮುದುಕನ ಆಸೆ.

ದಾರಿಯುದ್ದಕ್ಕೂ ತಾತ ಗುರುತು ಹೇಳಿದ್ದೇ ಹೇಳಿದ್ದು. ತುಕ್ಕು ಹಿಡಿದ ಫ್ರಿಜ್ಜಿನ ಹತ್ತಿರ ಎಡಕ್ಕೆ. ಎರಡು ಹಳ್ಳ ದಾಟಿ, ಜೋಡಿ ಬೋಆಬ್ ಮರದ ಹಿಂದೆ ಬಲಕ್ಕೆ. ನಡುನಡುವೆ ಹಿಂದಿನ ಸಂಜೆ ಬಿಡಾರದಲ್ಲಿ ಕಂಡವರ ಮೇಲೆ ವ್ಯಾಖ್ಯಾನ.

“ಹಲ್ಲುಜ್ಜೋ ಬ್ರಷ್ಷಲ್ಲಿ ಗಾಡಿ ಚಕ್ರ ಉಜ್ತಿದ್ನಲ್ಲ ಆ ಗಡ್ಡದವನು, ಅವನ ಹಲ್ಲು ನೋಡಿದ್ರೆ ಬ್ರಷ್ ಇರೋದೇ ಅದೊಂದಕ್ಕೆ ಅನ್ಸತ್ತೆ. ಇನ್ನು ಆಯಮ್ಮ! ನಾಯೀನ ಮಗು ತಳ್ಳೋ ಗಾಡೀಲಿ ಕೂರಿಸ್ಕೊಂಡು ತಿರುಗ್ತಾಳೆ. ನಾಲ್ಕು ಕಾಲು ಯಾಕೆ ಕೊಟ್ಟಿದ್ದಾನೆ ದೇವ್ರು ಅದಕ್ಕೆ?”

“ಸುಮ್ನಿರಿ ಮಾವ,” ಎನ್ನುತ್ತಲೇ ಲಿಯೋನಿ ತಾನೂ ಶುರು ಮಾಡಿದಳು. “ಆ ಗಡ್ಡದವನು ಸ್ನಾನ ಮಾಡ್ತಾ ಹಾಡಿದ್ದು ಕೇಳಿದ್ರಾ? ಒಂಟೆಗೆ ಹೆರಿಗೆ ನೋವು ಬಂದ ಹಾಗಿತ್ತು.”

ಅಂದು ಒಂದು ವಿಚಿತ್ರ ನಡೆದಿತ್ತು. ಹಿಂದಿನಿಂದ ಬಂದು ದಾಟಿದ ಗಾಡಿಯವರೆಲ್ಲ ಕೈ ಬೀಸಿದ್ದೇ ಬೀಸಿದ್ದು. ಆ ರಸ್ತೆಯಲ್ಲಿ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ನಮಸ್ಕಾರ ಮುಗಿಯಿತು. ಇವರೋ ಎರಡೂ ಕೈ ಎತ್ತಿದರು, ಕಿವಿ ತೋರಿಸಿದರು, ಒಬ್ಬಳಂತೂ ಕಣ್ಣೊರೆಸಿಕೊಂಡು ನಗುತ್ತ ಹೋದಳು.

“ಎಷ್ಟು ಒಳ್ಳೆ ಜನ,” ಎಂದ ಗ್ರಾಂಟ್. “ಗಾಡಿಯಿಂದ ಗಾಡಿಗೆ ಮಾತಾಡೋ ರೇಡಿಯೋನೂ ಇವತ್ತು ತೆಪ್ಪಗಿದೆ. ಲಾರಿಯವರ ವಟವಟ ಇಲ್ಲ.”

“ಬುಗ್ಗೆ ನಡುವೆ ಒಂದು ಚಪ್ಪಟೆ ಬಂಡೆ ಇದೆ,” ತಾತನ ದನಿ ಇಳಿಯಿತು. “ನೊರೀನ್ ಅದ್ರ ಮೇಲೆ ಕೂತಿದ್ಲು, ನೀರಲ್ಲಿ ಕಾಲು ಬಿಟ್ಕೊಂಡು, ಪೀಚ್ ಹಣ್ಣಿನ ಡಬ್ಬಿ ತಿಂತಾ. ನನ್ನ ಮದ್ವೆ ಆಗ್ತೀಯಾ ಅಂತ ಕೇಳ್ದೆ. ‘ತಡಿ, ಡಬ್ಬಿ ಮುಗೀಲಿ’ ಅಂದ್ಲು.”

“ಆಮೇಲೆ?” ಎಂದಳು ಬ್ರೈಡಿ.

ಢಮಾರ್! ಹಿಂದಿನ ಟೈರು ಸಿಡಿಯಿತು.

“ನಿಮ್ಮಲ್ಲಿ ಯಾರೋ ಆಗ್ಲೇ ಹೇಳ್ಬಿಟ್ಟಿದ್ದೀರ!” ತಾತ ಎಲ್ಲರನ್ನೂ ಗುರಾಯಿಸಿದ.

ಗ್ರಾಂಟ್, ತಾತ, ಬ್ರೈಡಿ ಚಕ್ರ ಬದಲಿಸಲು ಇಳಿದರು. ಅವರಿಗೆ ನೀರು ಕೊಡೋಣವೆಂದು ಲಿಯೋನಿ ಸೀಟಿನಿಂದ ಎದ್ದಳೋ ಇಲ್ಲವೋ, ಬೆಳಿಗ್ಗೆಯಿಂದ ಮೂಕವಾಗಿದ್ದ ರೇಡಿಯೋ ಕರಕರ ಎಂದಿತು.

“ಥತ್, ನಿಂತೋಯ್ತು!” ಒಂದು ಗಂಡಸಿನ ದನಿ. “ಡಬ್ಬಿ ಮುಗಿದ್ಮೇಲೆ ಏನಂದ್ಲು ಅಂತ ಹೇಳ್ಲೇ ಇಲ್ವಲ್ಲ!”

“ಟೈರ್ ಸಿಡೀತು ಕಣ್ರೀ, ಪಾಪ,” ಒಂದು ಹೆಣ್ಣು ದನಿ. “ನಾವು ಫ್ರಿಜ್ ಹತ್ರ ಎಡಕ್ಕೆ ತಿರುಗಿದ್ವಿ. ಅಲ್ಲೇ ಕೇಳ್ಕೊಳ್ಳೋಣ.”

ಲಿಯೋನಿ ತಾನು ಕೂತಿದ್ದ ಜಾಗ ನೋಡಿದಳು. ಬೆಳಿಗ್ಗೆ ಲಾರಿಯವನಿಗೆ ಮುಂದೆ ಹೋಗು ಎಂದು ಹೇಳಿ ಸೀಟಿನ ಮೇಲಿಟ್ಟಿದ್ದ ರೇಡಿಯೋ ಮೈಕು ಅಲ್ಲಿ ಬೆಚ್ಚಗೆ ಮಲಗಿತ್ತು. ಅದರ ಗುಂಡಿ ಒತ್ತಿದಷ್ಟು ಹೊತ್ತು ನಮ್ಮ ಮಾತು ಆ ರಸ್ತೆಯ ಗಾಡಿಗಳಿಗೆಲ್ಲ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ. ಎರಡು ಗಂಟೆಯಿಂದ ಅವಳು ಅದರ ಮೇಲೆ ಕೂತಿದ್ದಳು.

ಸರಕ್ಕನೆ ರೇಡಿಯೋ ಆರಿಸಿ ಕೆಳಗಿಳಿದು, “ಮಾವ, ಇವತ್ತು ಬೇಡ. ನಾಳೆ ಹೋದ್ರಾಯ್ತು,” ಎಂದಳು.

“ನಾಳೆಗೆ ನಾನಿರ್ತೀನಿ ಅಂತ ಯಾರು ಬರೆದು ಕೊಟ್ಟಿದ್ದಾರೆ? ಗಾಡಿ ಹತ್ತು.”

ಆಗಲೇ ಹೇಳಿಬಿಡಬೇಕಿತ್ತು. ಎರಡು ಹಳ್ಳ ದಾಟುವವರೆಗೂ ಬಾಯಿ ತೆರೆದಳು, ಮುಚ್ಚಿದಳು. ಜೋಡಿ ಬೋಆಬ್ ಮರದ ಹಿಂದೆ ಹನ್ನೊಂದು ಗಾಡಿಗಳು ಸಾಲಾಗಿ ನಿಂತಿದ್ದವು.

ತಾತ ಅವನ್ನು ಒಂದೊಂದಾಗಿ ಎಣಿಸಿ ಕೆಳಗಿಳಿದ. ಬೈದಿದ್ದರೆ ವಾಸಿ ಇತ್ತು ಅನ್ನಿಸಿತು ಲಿಯೋನಿಗೆ. ಕಮರಿಯ ಬಾಯಲ್ಲಿ ಅವನ ತೋಳು ಹಿಡಿದಳು. “ತಪ್ಪಾಯ್ತು ಮಾವ. ಮೈಕಿನ ಮೇಲೆ ಕೂತ್ಬಿಟ್ಟಿದ್ದೆ. ನಾವು ಮಾತಾಡಿದ್ದು ಇಡೀ ರಸ್ತೆಗೆ ಕೇಳ್ಸಿದೆ.”

“ಎಲ್ಲಾನೂ?”

“ಇರುವೆ ಸಮೇತ.”

ತಾತ ತೋಳು ಬಿಡಿಸಿಕೊಂಡು ಒಳಗೆ ನಡೆದ. ಕೆಂಪು ಗೋಡೆಗಳ ನಡುವೆ ಹಸಿರು ನೀರು. ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು, ಭುಜಕ್ಕೆ ಭುಜ ಒತ್ತಿಕೊಂಡು ಇಪ್ಪತ್ತಮೂರು ಟೋಪಿಗಳು. ಕಾಲಿಡಲು ಜಾಗವಿರಲಿಲ್ಲ. ಆದರೆ ನಡುವಿನ ಚಪ್ಪಟೆ ಬಂಡೆ ಮಾತ್ರ ಖಾಲಿ ಇತ್ತು. ಅದರ ಮೇಲೆ ಯಾರೋ ಒಗೆದ ಟವೆಲ್ ಹಾಸಿ, ಒಂದು ಪೀಚ್ ಡಬ್ಬಿಯ ಮುಚ್ಚಳ ತೆಗೆದು, ಚಮಚ ಸಮೇತ ಇಟ್ಟಿದ್ದರು.

“ಅಲ್ಲಿ ಯಾರೂ ಕೂತಿಲ್ಲ ತಾತ,” ಎಂದ ಗಡ್ಡದವನು, ಹಲ್ಲು ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು.

ಮುದುಕ ಬೂಟು ಬಿಚ್ಚಿ, ನೀರು ತುಳಿದುಕೊಂಡು ಹೋಗಿ ಬಂಡೆಯ ಮೇಲೆ ಕೂತ. ಪೀಚ್ ಹಣ್ಣನ್ನು ಒಂದೊಂದೇ ತುಂಡಾಗಿ ತಿಂದ, ಅವಸರವೇ ಇಲ್ಲದೆ. ಇಪ್ಪತ್ತಮೂರು ಟೋಪಿಗಳು ಕಾದವು.

“ಡಬ್ಬಿ ಮುಗಿಸಿದ್ಲು,” ಎಂದ ಕೊನೆಗೆ. “ರಸಾನೂ ಕುಡಿದ್ಲು. ‘ಆಗ್ತೀನಿ. ಆದ್ರೆ ಈ ಜಾಗ ಹೊರಗಿನವ್ರಿಗೆ ಯಾರಿಗೂ ಹೇಳ್ಬಾರ್ದು’ ಅಂದ್ಲು. ಮಾತು ಕೊಟ್ಟಿದ್ದೆ.” ಚಮಚವನ್ನು ಟವೆಲ್ ಮೇಲಿಟ್ಟ. “ಇವತ್ತಿನವರೆಗೂ ಉಳಿಸ್ಕೊಂಡಿದ್ದೆ.”

ಲಿಯೋನಿಗೆ ಅಳು ಬಂತು. ಆಗ ಗಡ್ಡದವನು ನೀರಿನಿಂದ ಬಲಗೈ ಎತ್ತಿದ.

“ಈ ಜಾಗ ಯಾರಿಗಾದ್ರೂ ಹೇಳಿದ್ರೆ ನನ್ನ ಟೀಗೆ ನೊಣ ಬೀಳ್ಲಿ...”

ಒಂದೊಂದಾಗಿ ಕೈಗಳೆದ್ದವು. ಆಣೆಯಲ್ಲಿ ಟೈರು ಸಿಡಿಯುವ ಹೊತ್ತಿಗೆ ಎಲ್ಲರೂ ಸೇರಿಕೊಂಡಿದ್ದರು. ಚಡ್ಡಿ, ಇರುವೆ ಕಮರಿಯ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸಿದವು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಲಿಯೋನಿ.

ತಾತ ಮೂಗೊರೆಸಿಕೊಂಡ. ತಳದಲ್ಲಿ ಉಳಿದ ರಸ ಕುಡಿಯದೆ ಡಬ್ಬಿಯನ್ನು ತನ್ನ ಪಕ್ಕದಲ್ಲಿ ಇಟ್ಟ. ರಸ ಯಾವಾಗಲೂ ನೊರೀನಳದು. ಅಷ್ಟರಲ್ಲಿ ಆಯಮ್ಮನ ತೋಳಿನಿಂದ ನಾಯಿ ಚಂಗನೆ ನೆಗೆದು ಬಂಡೆ ಏರಿತು, ಡಬ್ಬಿಯೊಳಗೆ ಮೂತಿ ತೂರಿಸಿ ಲೊಚಲೊಚ ನೆಕ್ಕಿ ಮುಗಿಸಿತು. ತಾತ ನಾಯಿಯನ್ನೇ ದಿಟ್ಟಿಸಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಅವಳೂ ಹೀಗೇ, ಒಂದು ತೊಟ್ಟು ಬಿಡ್ತಿರ್ಲಿಲ್ಲ,” ಎಂದ. “ಲೇ ಬ್ರೈಡಿ, ಇದ್ರ ಕೈಲೂ ಆಣೆ ಮಾಡ್ಸು.”