ಬೇಲಿಯಾಚೆಯ ಉಂಪಾಫಾ

ಮರಕ್ಕೆ ಗರಗಸ ಬಂದರೆ ತಪ್ಪು ತನ್ನದೇ ಎಂಬುದು ತೆಂಜಿವೆಯೊಬ್ಬಳಿಗೇ ಗೊತ್ತಿತ್ತು. ಅದನ್ನು ದಿನಚರಿಯಲ್ಲಿ ಮೂರು ಸಲ ಬರೆದು, ಮೂರು ಸಲವೂ ಕಾಟು ಹೊಡೆದಿದ್ದಳು.

ಕೆಲಸದ ಸಂದರ್ಶನಕ್ಕೆ ಹೊರಟ ದಿನ, ಬೇಲಿಯಾಚೆ ರಸ್ತೆಯಂಚಿನಲ್ಲಿದ್ದ ಉಂಪಾಫಾ ಮರದ ಕೊಕ್ಕೆಮುಳ್ಳು ಅವಳ ಹೊಸ ಅಂಗಿಯ ತೋಳನ್ನು ಹರಿದಿತ್ತು. ಐದು ಜನರ ಮುಂದೆ ಹರಿದ ತೋಳು ಮುಚ್ಚಿಕೊಂಡು, ಕೇಳಿದ್ದಕ್ಕೆಲ್ಲ ತಡವರಿಸಿ ಎದ್ದು ಬಂದವಳು ವಾಪಸು ಬರುವ ವ್ಯಾನಿನಲ್ಲೇ ಫೋನು ತೆಗೆದು ನಗರಪಾಲಿಕೆಗೆ ದೂರು ಬರೆದಳು: ದಾರಿಹೋಕರಿಗೆ ಅಪಾಯ. ಬೀದಿಯ ಒಡೆದ ನೀರಿನ ಕೊಳವೆಯತ್ತ ಎರಡು ವರ್ಷದಿಂದ ತಿರುಗಿ ನೋಡದ ಪಾಲಿಕೆ ಇದಕ್ಕೆ ಒಂಬತ್ತೇ ದಿನದಲ್ಲಿ ನೋಟಿಸು ಅಂಟಿಸಿತು. ಬೇಲಿಯಾಚೆಯ ನೆಲ ಪಾಲಿಕೆಯದು, ಏಳು ದಿನದೊಳಗೆ ಮನೆಯವರು ಮರ ತೆಗೆಯತಕ್ಕದ್ದು, ತಪ್ಪಿದರೆ ಪಾಲಿಕೆಯೇ ಕಡಿಸುವುದು.

ತೆಂಜಿವೆಯ ಅಜ್ಜಿ, ಊರಿಗೆಲ್ಲ ‘ಗೋಗೋ’, ಆ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಮೇಜಿನ ಕಾಲಡಿಗೆ ಸಿಕ್ಕಿಸಿದಳು. “ಪಾಲಿಕೆಯಿಂದ ಇಷ್ಟಾದ್ರೂ ಉಪಕಾರ ಆಯ್ತು ನೋಡು.”

ಆ ಮರದ ಕೊಂಬೆ ಮುರಿಯದ ಮನೆ ಆ ಬೀದಿಯಲ್ಲಿರಲಿಲ್ಲ. ಹೊರಗೆಲ್ಲೋ ಪ್ರಾಣ ಬಿಟ್ಟವರ ಆತ್ಮ ತಾನಾಗಿ ಮನೆ ಸೇರಲಾರದು ಎಂಬುದು ಅಲ್ಲಿನ ನಂಬಿಕೆ. ಸತ್ತ ಜಾಗಕ್ಕೆ ಉಂಪಾಫಾ ಕೊಂಬೆ ಹಿಡಿದು ಹೋಗಿ ಕರೆತರಬೇಕು. ದಾರಿಯುದ್ದಕ್ಕೂ ಅವರೊಡನೆ ಮಾತ್ರ ಮಾತು, ಬೇರೆ ಯಾರು ಕೇಳಿದರೂ ಬಾಯಿ ಬಿಡುವಂತಿಲ್ಲ. ತೆಂಜಿವೆಯ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗೋಗೋ ಕೊಂಬೆಯನ್ನು ಇವಳ ಕೈಗೇ ಕೊಟ್ಟಿದ್ದಳು. “ನೀನೇ ಹೋಗು ಮಗಾ. ಉಳಿದವ್ರಿಗೆ ಬಾಯಿ ಮುಚ್ಕೊಂಡಿರೋಕೆ ಬರಲ್ಲ.”

ಎಂಟನೆಯ ದಿನ ಬೆಳಿಗ್ಗೆ ಪಾಲಿಕೆಯ ಲಾರಿ ಬಂತು. ಗೋಗೋ ಆಗಲೇ ಖಾಲಿ ಕ್ರೇಟು ಬೋರಲು ಹಾಕಿ, ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದಳು.

“ಗೋಗೋ, ಪಕ್ಕಕ್ಕೆ ಬನ್ನಿ. ನಾನು ಆರ್ಡರ್ ಪಾಲಿಸೋನು,” ಎಂದ ಮೇಲ್ವಿಚಾರಕ ಶಾಂಡು.

“ಪಾಲಿಸಪ್ಪಾ. ಮೊದಲು ಆ ಪೈಪ್ ರಿಪೇರಿ ಆರ್ಡರ್ ಪಾಲಿಸು, ಅಲ್ಲೀತನಕ ಇಲ್ಲೇ ಕೂತಿರ್ತೀನಿ.”

ಶಾಂಡು ಆಳಿನ ಕಡೆ ತಿರುಗಿದ. “ಮೇಲಿನ ಕೊಂಬೆಯಿಂದ ಶುರು ಮಾಡೋ.”

ಆಳು ಗರಗಸ ನೆಲಕ್ಕಿಟ್ಟ. “ಇದು ಉಂಪಾಫಾ, ಸಾರ್. ನಮ್ಮಪ್ಪ ಒಪ್ಪಲ್ಲ.”

“ನಿಮ್ಮಪ್ಪ ಸತ್ತು ಆರು ವರ್ಷ ಆಯ್ತಲ್ಲೋ!”

“ಅದಕ್ಕೇ ಸಾರ್.”

ಗದ್ದಲಕ್ಕೆ ಎದುರುಮನೆಯ ಮಾಶೇಜಿ ಗೇಟಿಗೆ ಬಂದಳು. ಅವಳ ಕಾರಿಗೆ ಈ ಮುಳ್ಳು ಗೀರಿದ್ದುಂಟು. ಗೋಗೋ ಕೈನೀಟಿ ಕೂಗಿದಳು: “ಬಂದ್ಲು ನೋಡಿ! ಕಾರಿಗೆ ಗೀಟು ಬಿತ್ತು ಅಂತ ನನ್ನ ಮರಾನೇ ಮುಗಿಸೋಕೆ ಹೊರಟೋಳು!”

“ನಾನಾ?” ಮಾಶೇಜಿ ಗೇಟು ತಳ್ಳಿದಳು. “ಗಣೀಲಿ ಸತ್ತ ನನ್ನ ತಮ್ಮನ್ನ ಮನೆಗೆ ಕರ್ಕೊಂಡು ಬಂದಿದ್ದು ಇದೇ ಮರದ ಕೊಂಬೆ ಗೋಗೋ. ನನ್ನ ಮೇಲೆ ಹಾಕ್ತೀಯಲ್ಲ, ನಾಲಿಗೆ ಹ್ಯಾಗೆ ಹೊರಳ್ತು ನಿಂಗೆ?” ಅಳುತ್ತಲೇ ರಸ್ತೆ ದಾಟಿ ಬಂದು, ಬೈದವಳ ಪಕ್ಕದಲ್ಲೇ ಮರಕ್ಕೊರಗಿ ನಿಂತಳು. “ಕಡಿಯೋದಾದ್ರೆ ನನ್ನನ್ನೂ ಸೇರಿಸಿ ಕಡೀರಿ.”

“ನಿನ್ನ ಕಣ್ಣೀರು ನಂಗೆ ಬೇಡ, ಸರಿ ಆಚೆ,” ಎಂದು ಗೋಗೋ ಮುಖ ತಿರುಗಿಸಿದಳು.

ಶಾಂಡು ಹಣೆ ಒರೆಸಿಕೊಂಡ. “ನೋಡಿ, ದೂರು ಕೊಟ್ಟೋರೇ ವಾಪಸ್ ತಗೊಂಡ್ರೆ ಈಗ್ಲೇ ಲಾರಿ ತಿರುಗಿಸ್ತೀನಿ. ಇಲ್ಲಾಂದ್ರೆ ಬೇರೆ ಆಳು ಕರೆಸಿ ಇವತ್ತೇ ಕಡಿಸ್ತೀನಿ. ಹೆಸರು ಮಾತ್ರ ನಾನು ಹೇಳೋ ಹಾಗಿಲ್ಲ.”

ಬೀದಿಯೆಲ್ಲ ಮಾಶೇಜಿಯನ್ನೇ ನೋಡಿತು. ಬಾಗಿಲ ಹಿಂದೆ ನಿಂತಿದ್ದ ತೆಂಜಿವೆ ಇದನ್ನೆಲ್ಲ ಕೇಳಿಸಿಕೊಂಡಳು. ಈಗ ಸುಮ್ಮನಿದ್ದರೆ ಮರವೂ ಹೋಗುತ್ತದೆ, ಕಳಂಕ ಮಾಶೇಜಿಯ ತಲೆಗೆ. ಚಪ್ಪಲಿಯನ್ನೂ ಮೆಟ್ಟದೆ ಅವಳು ಗೇಟು ದಾಟಿದಳು. ಶಾಂಡುವನ್ನು ನೋಡಲಿಲ್ಲ, ಗೋಗೋಳ ಕಣ್ಣಲ್ಲೇ ಕಣ್ಣಿಟ್ಟಳು.

“ದೂರು ಕೊಟ್ಟಿದ್ದು ನಾನು ಗೋಗೋ. ಕೆಲಸ ಕೈ ತಪ್ಪಿದ ಸಿಟ್ಟನ್ನ ಮರದ ಮೇಲೆ ತೀರಿಸ್ಕೊಂಡೆ. ವಾಪಸ್ ತಗೋತಿದೀನಿ. ಮುಟ್ಟಲಿ ನೋಡೋಣ ಯಾರಾದ್ರೂ.”