ಕ್ರ್ಯಾನ್‌ಬರಿಯ ಯುದ್ಧ

“ದೊರೆ ಯುದ್ಧಕ್ಕೆ ಹೋದ್ನಲ್ಲ ಸರ್, ಆಗ ಮನೆಯಲ್ಲಿದ್ದ ರಾಣಿಗೆ ಎಂತ ಆಯ್ತು?”

ಹೋಟೆಲಿನ ಕೌಂಟರಿನಿಂದ ಗುಲಾಬಿ ಕೇಳಿದ ರಭಸಕ್ಕೆ ಶಂಕರನಾರಾಯಣರ ಬಾಯಿಗೆ ಹೊರಟಿದ್ದ ಇಡ್ಲಿ ಅರ್ಧ ದಾರಿಯಲ್ಲೇ ನಿಂತಿತು. ಮೈಸೂರಿನಲ್ಲಿ ಕೂದಲು ಉದುರುವವರೆಗೆ ಇತಿಹಾಸ ಪಾಠ ಮಾಡಿ, ಈಗ ಕಡಲಾಚೆಯ ವುಡ್‌ಬ್ರಿಡ್ಜ್‌ನಲ್ಲಿ ಮಗಳ ಮನೆ ಸೇರಿರುವ ಅವರಿಗೆ ಇಷ್ಟು ಆಸಕ್ತಿಯ ವಿದ್ಯಾರ್ಥಿ ಸಿಕ್ಕಿದ್ದು ಇದೇ ಮೊದಲು. ಎದುರಿಗಿದ್ದ ಮೊಮ್ಮಗಳು ಹಂಸಿನಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಸ್ಪ್ರಿಂಗ್ ಬ್ರೇಕ್ ಮುಗಿಯುವುದರೊಳಗೆ ರಷ್ಯದ ಝಾರ್ ದೊರೆ ಯಾಕೆ ಪಟ್ಟದಿಂದ ಬಿದ್ದ ಎಂದು ಅವಳು ಸ್ಕೂಲಿಗೆ ಒಂದು ಪ್ರೆಸೆಂಟೇಶನ್ ಸಿದ್ಧಮಾಡಬೇಕಿತ್ತು, ಅಷ್ಟೇ.

“ರಾಣಿ ವಿಷಯ ಆಮೇಲಮ್ಮ. ಮೊದ್ಲು ಯುದ್ಧ ಮುಗೀಲಿ.”

ಅಲ್ಲಿಯವರೆಗೆ ಕಾಯುವ ಧೈರ್ಯ ಗುಲಾಬಿಗೆ ಇರಲಿಲ್ಲ. ಅವಳ ಗಂಡ ಲೋಕನಾಥನೂ ಯುದ್ಧಕ್ಕೆ ಹೋಗಿದ್ದ. ರಸ್ತೆಯಾಚೆಯ ಹೋಟೆಲಿನ ಟೋನಿ ಅರ್ಧ ಗಂಟೆ ದೂರದ ಕ್ರ್ಯಾನ್‌ಬರಿಯ ಗೋದಾಮುಗಳ ನಡುವೆ ಇನ್ನೊಂದು ಹೋಟೆಲು ತೆರೆದದ್ದೇ ತಡ, ಲೋಕನಾಥ ಅದರ ಮುಂದೆಯೇ ತನ್ನದೊಂದು ತೆರೆದು, ಟೋನಿಗಿಂತ ಕಮ್ಮಿ ಬೆಲೆಗೆ ಹೊಟ್ಟೆ ತುಂಬ ಊಟ ಎಂದು ಬೋರ್ಡು ಹಾಕಿದ. ಟೋನಿ ಅದಕ್ಕಿಂತ ಕಮ್ಮಿ ಮಾಡಿದ. ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ವರ್ಷ ಅದು. ಕೆಲಸ ಕಳೆದುಕೊಂಡ ಇಂಜಿನಿಯರುಗಳು ಟೈ ಕಟ್ಟಿಕೊಂಡು ಊಟಕ್ಕೆ ಕೂತರೆ ಸಂಜೆಯ ಕಾಫಿಯ ಹೊತ್ತಿಗೇ ಏಳುತ್ತಿದ್ದುದು. ಅವರಲ್ಲೊಬ್ಬ ಒಂದೇ ಸಲಕ್ಕೆ ಕೂತು ಒಂದು ಹಂಡೆ ಅನ್ನ ಖಾಲಿ ಮಾಡಿ, ಮನೆಗೆ ಹೋಗಿ, ಇವತ್ತು ಆಫೀಸಿನಲ್ಲಿ ವಿಪರೀತ ಕೆಲಸ ಎಂದು ಹೆಂಡತಿಯಿಂದ ಬೆನ್ನು ಒತ್ತಿಸಿಕೊಂಡನಂತೆ. ಮೇಲಾಗಿ ಇಂಡಿಯಾ ಅಕ್ಕಿ ಕಳಿಸುವುದನ್ನು ನಿಲ್ಲಿಸಿತ್ತು. ಅಂಗಡಿಗಳಲ್ಲಿ ಮನೆಗೊಂದೇ ಮೂಟೆ. ಸಿಕ್ಕಿದ ಅಕ್ಕಿಯಲ್ಲಿ ಇಲ್ಲಿನ ಗಿರಾಕಿಗಳದ್ದು ಬಿಟ್ಟು ಉಳಿದದ್ದೆಲ್ಲ ಕ್ರ್ಯಾನ್‌ಬರಿಗೆ ಹೋಗುತ್ತಿತ್ತು. ಇಲ್ಲಿ, ಹಳೇ ಹೋಟೆಲಿನ ಬೇಸ್‌ಮೆಂಟಿನಲ್ಲಿ ಬೇಯಿಸುವವರ ಮಧ್ಯಾಹ್ನದ ಗಂಜಿ ನಿಂತು, ಬಿಳೀ ಬ್ರೆಡ್ಡು ಬಂದಿತ್ತು.

ಆ ಬೆಳಿಗ್ಗೆ ಮುಖ್ಯ ಅಡುಗೆಯವ ಈಶಣ್ಣ ಮೇಲೆ ಬಂದು, ಬ್ರೆಡ್ಡಿನ ಪೊಟ್ಟಣವನ್ನು ಸತ್ತ ಇಲಿಯನ್ನಿಡುವಂತೆ ಕೌಂಟರಿನ ಮೇಲಿಟ್ಟಿದ್ದ.

“ಅಕ್ಕಾ, ಇದು ಜ್ವರ ಬಂದವರಿಗೆ ಕೊಡುವುದು. ನಮಗೆ ಜ್ವರ ಇಲ್ಲ.”

“ಸ್ವಲ್ಪ ದಿನ ಈಶಣ್ಣ. ಅವರು ಅಲ್ಲಿ ಗೆದ್ದು ಬರ್ಲಿ.”

“ಗೆದ್ರೆ ಎಂತ, ಜ್ಯಾಮ್ ಸಿಗ್ತದಾ?”

ಕೆಳಗಿಳಿದು ಹೋಗುವಾಗ ಈಶಣ್ಣ ನಕ್ಕಿರಲಿಲ್ಲ. ಆಗಿನಿಂದ ಗುಲಾಬಿ ಮೆಟ್ಟಿಲ ಕಡೆಗೊಂದು ಕಿವಿಯಿಟ್ಟೇ ಇದ್ದಳು. ಅಡುಗೆಯವರು ಎದ್ದು ಹೋದರೆ ಈ ಹೋಟೆಲು ಅವತ್ತಿಗೇ ಮುಗಿದ ಹಾಗೆ.

“ನೋಡು ಪುಟ್ಟೀ,” ಶಂಕರನಾರಾಯಣರು ಮುಂದುವರಿಸಿದರು. “ಯುದ್ಧ ಎಲ್ಲೋ ದೂರದಲ್ಲಿ. ರೈಲೆಲ್ಲ ಸೈನ್ಯಕ್ಕೆ. ರಾಜಧಾನೀಲಿ ಹೆಂಗಸ್ರು ಬ್ರೆಡ್ಡಿಗೆ ಕ್ಯೂ ನಿಂತೂ ನಿಂತೂ ಕೊನೆಗೆ ಬೀದಿಗಿಳಿದ್ರು. ರಾಣಿಯೋ, ಗಡ್ಡದ ಸಾಧು ಒಬ್ಬನ ಮಾತು ಕೇಳ್ಕೊಂಡು ಮಂತ್ರಿಗಳನ್ನ ಬದಲಾಯಿಸಿ ಬದಲಾಯಿಸಿ ಇಟ್ಟಿದ್ಲು.”

ಗುಲಾಬಿ ಕೌಂಟರು ಒರೆಸುವುದನ್ನು ನಿಲ್ಲಿಸಿದಳು. ಕ್ವೀನ್ಸ್ ಬಡಾವಣೆಯ ಜ್ಯೋತಿಷಿಯೊಬ್ಬರ ಮಾತು ಕೇಳಿ ಕಳೆದ ವಾರವಷ್ಟೇ ಅವಳು ದೋಸೆ ಹೊಯ್ಯುವವನನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದ್ದಳು. ಅವರಿಗೆ ಗಡ್ಡ ಇತ್ತೋ ಇಲ್ಲವೋ ಗೊತ್ತಿಲ್ಲ, ಫೋನಿನಲ್ಲಷ್ಟೇ ಪರಿಚಯ.

“ನಮ್ಮಲ್ಲಿ ಬ್ರೆಡ್ ಉಂಟಲ್ಲ ಸರ್,” ಎಂದಳು, ಬದುಕಿಕೊಂಡವಳಂತೆ. ಈಶಣ್ಣ ಇಟ್ಟುಹೋದ ಪೊಟ್ಟಣ ನೋಡಿ, “ಬ್ರೆಡ್ ಮಾತ್ರ ಉಂಟು,” ಎಂದಳು.

ಆಗ ಕೆಳಗೆ ರುಬ್ಬುವ ಯಂತ್ರ ನಿಂತಿತು. ಊಟದ ಹೊತ್ತಾಗುತ್ತ ಬಂದಿತ್ತು. ತಿಂಡಿಯ ಹೊತ್ತು ಮುಗಿದು ಚಿಲಕ ಹಾಕಿದ್ದ ಗಾಜಿನ ಬಾಗಿಲಾಚೆ ಟೈ ಕಟ್ಟಿದವರ ಕ್ಯೂ ಬೆಳೆಯುತ್ತಿತ್ತು. ಧಾರವಾಡದ ಕಡೆಯ ಸೂಪರ್‌ವೈಸರ್ ಗದಿಗೆಪ್ಪ ಮೆಟ್ಟಿಲು ಹತ್ತಿ ಬಂದ.

“ಅಕ್ಕಾರ, ಎಲ್ಲಾರೂ ನೆಲದ ಮ್ಯಾಲ ಕುಂತಾರ. ಅನ್ನ ಬರೂತನಾ ಏಳಂಗಿಲ್ಲಂತ.”

“ಬೊಬ್ಬೆ ಹೊಡೀತಾರಾ?”

“ಇಲ್ರಿ. ಅದಕ್ಕ ನನಗ ಅಂಜಿಕಿ.”

ಗುಲಾಬಿ ಗಂಡನಿಗೆ ಫೋನು ಮಾಡಿದಳು. ಕ್ರ್ಯಾನ್‌ಬರಿಯ ತಟ್ಟೆಗಳ ಗದ್ದಲದ ನಡುವಿನಿಂದ ಲೋಕನಾಥ ಕೂಗಿದ: “ವೀಸಾ ಕ್ಯಾನ್ಸಲ್ ಮಾಡಿ ನಾಳೆಯೇ ಊರಿನ ಪ್ಲೇನ್ ಹತ್ತಿಸ್ತೇನೆ ಅಂತ ಹೇಳು! ಗದಿಗೆಪ್ಪನನ್ನು ಕಳಿಸು, ಎಬ್ಬಿಸ್ಲಿ! ನನಗಿಲ್ಲಿ ಸಾಯ್ಲಿಕ್ಕೂ ಪುರುಸೊತ್ತಿಲ್ಲ. ಮತ್ತೆ, ಅಲ್ಲಿ ಬೆಂದ ಅನ್ನ ಇದ್ರೆ ವ್ಯಾನಲ್ಲಿ ಹಾಕಿ ಕಳಿಸು.”

ಗದಿಗೆಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು ಕೆಳಗಿಳಿದ. ಗುಲಾಬಿ ಕಾದಳು. ಅವನು ಬರಲಿಲ್ಲ. ಮೆಟ್ಟಿಲ ಬಾಯಿಗೆ ಬಂದು ಕರೆದಳು.

“ನಾನೂ ಕುಂತೇನ್ರಿ ಅಕ್ಕಾರ,” ಕೆಳಗಿನಿಂದ ಅವನ ದನಿ ಬಂತು. “ನನಗೂ ಬ್ರೆಡ್ಡ ಕೊಟ್ಟಿದ್ರಿ.”

“ನೋಡಿದ್ಯಾ, ಸೈನಿಕರೇ ಆ ಕಡೆ ಸೇರ್ಕೊಂಡ್ರು!” ಶಂಕರನಾರಾಯಣರು ಮೇಜು ಕುಟ್ಟಿದರು. ಮರುಕ್ಷಣ ಅವರ ಮುಖ ಕಂದಿತು. “ಅಂದ್ರೆ... ನಾನು ಹೇಳಿದ್ದ ಮಸಾಲೆ ದೋಸೆ?”

ಗುಲಾಬಿ ಹಂಸಿನಿಯ ಹತ್ತಿರ ಬಂದು ಬಗ್ಗಿದಳು. “ಮಗಾ, ನಿನ್ನ ಅಜ್ಜ ಹೇಳುದಿಲ್ಲ. ನೀನಾದ್ರೂ ಹೇಳು. ಆ ರಾಣಿಗೆ ಎಂತ ಆಯ್ತು?”

ಹುಡುಗಿ ಇಯರ್‌ಫೋನ್ ತೆಗೆದಳು. “ದೆ ಗಾಟ್ ಶಾಟ್, ಆಂಟಿ. ದ ಹೋಲ್ ಫ್ಯಾಮಿಲಿ. ಇನ್ ಅ ಬೇಸ್‌ಮೆಂಟ್.” ಆಂಟಿಯ ಮುಖ ನೋಡಿ, “ಬಟ್, ಲೈಕ್, ಮಚ್ ಲೇಟರ್,” ಎಂದು ಸೇರಿಸಿದಳು.

“ಗುಂಡು ಹೊಡೆದ್ರಾ!” ಎಂದು ಗುಲಾಬಿ ಬೇಸ್‌ಮೆಂಟಿನ ಮೆಟ್ಟಿಲ ಕಡೆ ನೋಡಿದಳು. ಫೋನು ಬಡಿದುಕೊಂಡಿತು, ಮತ್ತೆ ಲೋಕನಾಥನೇ. ಅದನ್ನು ಕೌಂಟರಿನ ಮೇಲಿಟ್ಟಳು. ಹೊರಗಿನವರಿಗೆಂದು ಬೆಳಿಗ್ಗೆಯೇ ಬೆಂದು ಬಂದಿದ್ದ ಅನ್ನದ ಹಂಡೆ ಬಫೆ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಸೆರಗಿನಿಂದ ಅದರ ಕಿವಿ ಹಿಡಿದು ಎತ್ತಿದಳು.

“ಸರ್, ಯಾರು ಬಡಿದ್ರೂ ಬಾಗಿಲು ತೆಗೀಬೇಡಿ,” ಎಂದು ಬೇಸ್‌ಮೆಂಟಿನ ಮೆಟ್ಟಿಲಿಳಿಯತೊಡಗಿದಳು. ಹಂಡೆಯ ಮುಚ್ಚಳ ಹೆಜ್ಜೆ ಹೆಜ್ಜೆಗೂ ಗಲಗಲ ಎನ್ನುತ್ತಿತ್ತು. ಆಮೇಲೆ ಆ ಸದ್ದೂ ನಿಂತಿತು. ಬಹಳ ಹೊತ್ತಿನ ಮೇಲೆ ಕೆಳಗೆ ಯಾರೋ ಒಂದು ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ಸರಿಸಿದಂತಾಯಿತು.

ಮೇಲೆ, ಗಾಜಿಗೆ ಮೂಗೊತ್ತಿ ನಿಂತವರೆಲ್ಲ ನೋಡುತ್ತಿದ್ದರು. ಕೌಂಟರಿನಲ್ಲಿ ಫೋನು ನಿಲ್ಲದೆ ನಡುಗುತ್ತ, ಸೋಂಪಿನ ಬಟ್ಟಲನ್ನು ದಾಟಿ, ಚೂರುಚೂರೇ ಅಂಚಿನ ಕಡೆಗೆ ಸರಿಯುತ್ತಿತ್ತು. ಶಂಕರನಾರಾಯಣರು ಕೈ ಚಾಚಿದರು; ಮತ್ತೆ ಮೆಲ್ಲಗೆ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.