ಅರವತ್ತು ಬಲತೋಳು

ಅರವತ್ತು ಕೋಟಿಗೆ ನೂರಿಪ್ಪತ್ತು ತೋಳು. ನೂರಿಪ್ಪತ್ತೂ ಎಡಗೈಯವು.

ಬಟ್ಟೆಗೆ ಹೊಳಪಿದ್ದದ್ದು ಒಂದೇ ಮುಖಕ್ಕೆ, ಎಡತೋಳನ್ನು ತಿರುವಿ ಬಲಕ್ಕೆ ಹೊಲಿಯುವಂತಿಲ್ಲ. ಎಡತೋಳು ಬರೆದಾದ ಮೇಲೆ ರಟ್ಟಿನ ಅಚ್ಚನ್ನು ಮಗುಚಿ ಬಲತೋಳು ಬರೆಯಬೇಕು. ಕಟಿಂಗ್ ಮಾಸ್ಟರ್ ಮಗುಚಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು.

“ಮಾಮ, ಏನ್ ಮಾಡಿಟ್ರಿ ಇದು?” ಸೂಪರ್‌ವೈಸರ್ ತಲೆ ಮೇಲೆ ಕೈ ಹೊತ್ತು ನಿಂತ. ಅವನು ಮಾಸ್ಟರರ ಅಕ್ಕನ ಮಗ.

“ನಾನಲ್ಲ, ನಿನ್ನ ಕ್ಯಾಮೆರಾ ಮಾಡಿದ್ದು.”

ಊಟ, ನಮಾಜು ಮುಗಿಸಿ ಮೇಜಿನ ಕೆಳಗೆ ಚಿಂದಿ ಹಾಸಿಕೊಂಡು ಇಪ್ಪತ್ತು ನಿಮಿಷ ಮಲಗುವುದು ಮಾಸ್ಟರರ ರೂಢಿ. ಅದಕ್ಕೆ ಕೈಲೂಲಾ ಅಂತಾರೆ, ಪ್ರವಾದಿಯವರ ಕಾಲದಿಂದ ಬಂದದ್ದು, ಅದಿದ್ದರೆ ನಸುಕಿನ ನಮಾಜಿಗೆ ಏಳುವುದು ಭಾರವಾಗಲ್ಲ ಎಂದು ಅಪ್ಪ ಕಲಿಸಿದ್ದರು. ಹೋದ ವಾರ ಮೇಜಿನ ಎದುರು ಕ್ಯಾಮೆರಾ ಬಂತು. ಮಲಗುವುದು ಬಂದ್. ನಸುಕಿಗೆ ಏಳುವುದು ಮಾತ್ರ ನಿಂತಿರಲಿಲ್ಲ.

“ನನ್ನ ಮಗಳು ಆಸ್ಪತ್ರೇಲಿ ಜನರ ತಲೆಗೆ ವೈರ್ ಅಂಟಿಸಿ ನಿದ್ದೆ ಅಳೀತಾಳೆ. ಇಪ್ಪತ್ತು ನಿಮಿಷ ಮಲಗಿದ್ರೆ ಮಿದುಳು ಚುರುಕಾಗುತ್ತೆ ಅಂತಾಳೆ.”

“ಅರ್ಧ ಗಂಟೆ ಮೀರಿದ್ರೆ ಎದ್ದಾಗ ತಲೆ ಕಲ್ಲು ಅಂತಾನೂ ಅಂತಾಳೆ. ನನಗೂ ಕೊರೆದಿದಾಳೆ ಮಹಾತಾಯಿ. ಮಾಲೀಕರಿಗೆ ಹೇಳೋರ್ಯಾರು?” ಅವನು ಮೇಜು ತಟ್ಟಿದ. “ಉಳಿದದ್ದು ಒಂದೇ ಥಾನು ಬಟ್ಟೆ. ಅರವತ್ತು ಪದರ ಹಾಸಿಸಿದೀನಿ. ಐದು ಗಂಟೆಗೆ ಬಲತೋಳು ಹೊಲಿಗೆಗೆ ಹೋಗ್ಬೇಕು. ಇದೂ ಕೆಟ್ರೆ ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತಾರೆ, ನನ್ನನ್ನ ಮನೆಗೆ ಕಳಿಸ್ತಾರೆ.”

ಮಾಸ್ಟರ್ ಸೀಮೆಸುಣ್ಣ ಹಿಡಿದು ಒಂದು ಗೆರೆ ಎಳೆದರು. ಎರಡು ಕಂಡವು. ಸುಣ್ಣ ಕೆಳಗಿಟ್ಟರು.

“ಮೊದಲು ಮಲಗ್ತೀನಿ. ಆಮೇಲೆ ಕತ್ತರಿಸ್ತೀನಿ.”

“ಮಾಮ, ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳು. ಕ್ಯಾಮೆರಾಗೆ ಅಡ್ಡ ಆಗೋ ಹಾಗೆ ಬೀಳು.”

ಅಳಿಯ ಗಡಿಯಾರ ನೋಡಿದ. ಬೈಯುತ್ತಲೇ ಸ್ಟೂಲು ಹತ್ತಿ, ತೋಳಿಲ್ಲದ ಕೋಟೊಂದನ್ನು ಕ್ಯಾಮೆರಾಕ್ಕೆ ನೇತುಹಾಕಿದ. ಇಳಿದು ಅದೇ ಸ್ಟೂಲಿನ ಮೇಲೆ ಕಾವಲು ಕೂತ. ವಾರದಿಂದ ಎರಡೆರಡು ಪಾಳಿ ಮಾಡುತ್ತಿದ್ದ. ಬೆಳಗಿನಿಂದ ಹೊಟ್ಟೆಗೆ ಚಹಾ ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಮಾಸ್ಟರರಿಗೆ ತಾನಾಗಿಯೇ ಎಚ್ಚರವಾಯಿತು. ಕಾವಲುಗಾರ ಗೋಡೆಗೊರಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವರು ಮುಖ ತೊಳೆದು ಬಂದರು. ಅಚ್ಚು ಮಗುಚಿದರು. ನಂಬಿಕೆ ಸಾಲದೆ ತಮ್ಮ ಬಲಗೈಗೇ ಹಿಡಿದು ನೋಡಿದರು. ಬರೆದರು. ಯಂತ್ರದ ಚಾಕು ಅರವತ್ತು ಪದರ ಸೀಳಿಕೊಂಡು ಗೆರೆ ಬಿಡದೆ ಹೋಯಿತು. ಆ ಸದ್ದಿಗೂ ಅವನು ಅಲುಗಲಿಲ್ಲ.

ನಾಲ್ಕೂವರೆಗೆ ಬಲತೋಳುಗಳ ಕಟ್ಟು ಸಿದ್ಧವಾಗಿತ್ತು. ಅಳಿಯ ಮಲಗಿ ಒಂದು ಗಂಟೆಯ ಮೇಲಾಗಿತ್ತು. ಮಾಸ್ಟರ್ ಎಬ್ಬಿಸಲಿಲ್ಲ. ನಾಳೆ ಕ್ಯಾಮೆರಾದ ಮುಂದಿನ ಕೋಟು ತೆಗೆದು ತಮ್ಮ ನಿದ್ದೆ ಮತ್ತೆ ಬಂದ್ ಮಾಡುವವನೂ ಇವನೇ. ತಲೆ ಕಲ್ಲಾಗಲಿ.